ಎರಡು ಬೆರಳು ಸಡಿಲ
ಸುಮ್ಮನೆ ಮಲಗಿದ್ದರೂ ದೇಹ ದಿನಕ್ಕೆಷ್ಟು ಕ್ಯಾಲೊರಿ ಸುಡುತ್ತದೆಂದು ತಿಳಿದರೆ ಹೊಟ್ಟೆ ಇಳಿಸಬಹುದು ಎಂದು ಯಾರೋ ಹೇಳಿದಂದಿನಿಂದ, ಬೀದಿಗೆಲ್ಲ ಮಾವನಾದ ದರ್ಜಿಯ ತಲೆ ಗೊಂದಲದ ಗೂಡಾಗಿದೆ. ಎತ್ತರ, ತೂಕ, ವಯಸ್ಸು ಹಾಕಿದರೆ ಮೊಬೈಲು ಉತ್ತರ ಕೊಡುತ್ತದೆ, ಆದರೆ ದಿನಕ್ಕೊಂದು. ಕೊರಳಲ್ಲಿ ಟೇಪು, ಜೇಬಲ್ಲಿ ಕತ್ತರಿ ಇಟ್ಟುಕೊಂಡೇ ಮಾವ ತೂಕದ ಯಂತ್ರ ಹತ್ತುತ್ತಾರೆ. ಎತ್ತರಕ್ಕೆ ಕಸುಬಿನ ಅಭ್ಯಾಸದಂತೆ ಎರಡು ಬೆರಳು ಸಡಿಲ ಸೇರಿಸಿ, ಮರುದಿನ ನೆನಪಾಗಿ ತೆಗೆಯುತ್ತಾರೆ. “ನಿನ್ನೆ ಸಾವಿರದೈನೂರ ಹತ್ತು, ಇವತ್ತು ಸಾವಿರದ ನಾನೂರ ಎಂಬತ್ತು. ಇದರಲ್ಲಿ ನಂದು ಯಾವುದು ಕಣೇ?” ಎಂದರೆ ಹೆಂಡತಿ, “ಅದನ್ನ ಮೊದ್ಲು ಗೊತ್ತು ಮಾಡ್ಕೊಳ್ಳಿ, ಆಮೇಲೆ ಬಡಿಸ್ತೀನಿ” ಎನ್ನುತ್ತಾಳೆ. ಎಲ್ಲದಕ್ಕೂ ಸಡಿಲ ಬಿಡುವ ಆ ಕೈ ವಯಸ್ಸು ಬರೆಯುವಾಗ ಮಾತ್ರ ಬಿಗಿಯಾಗುತ್ತದೆ. ಮೂರು ವರ್ಷದಿಂದ ಅಲ್ಲಿ ಐವತ್ತೈದೇ ಇದೆ. ಅವರ ಅಪ್ಪ ಐವತ್ತಾರನ್ನು ಕಂಡವರಲ್ಲ.