ದೋಣಿ ಇದ್ದಲ್ಲಿ ಎಡಕ್ಕೆ

ಆಗಸ್ಟ್ 9, ಭಾನುವಾರ, ಸಂಜೆ 5:40. ಚಪ್ಪಲಿಯ ಕೆಸರು ಇನ್ನೂ ಒಣಗಿಲ್ಲ. ಇವತ್ತು ವಿದ್ಯಾರ್ಥಿನಿಯೊಬ್ಬಳ ಬರಹವನ್ನು ನಂಬಿ ತೆಂಗಿನ ತೋಟಗಳ ನಡುವೆ ಮುಕ್ಕಾಲು ಗಂಟೆ ದಾರಿ ತಪ್ಪಿದ್ದೆ. ನಮ್ಮ ವಿಜಯಪುರದ ಕಡೆ ಎರಡು ಮೈಲಿ ದೂರದಿಂದಲೇ ಊರು ಕಾಣುತ್ತದೆ. ಹೊನ್ನಾವರ ತಾಲೂಕಿನ ಈ ಮಂಕಿಯಲ್ಲಿ ಪಕ್ಕದ ಮನೆಯೂ ಕಾಣುವುದಿಲ್ಲ.

ಎಂಟನೇ ತರಗತಿಗೆ ಕನ್ನಡ ಕಲಿಸಲು ಜೂನ್‌ನಲ್ಲಿ ಬಂದೆ. ಐದನೇ ದಿನವೇ ಹಾಜರಿ ಪುಸ್ತಕಕ್ಕೆ ಬೂಷ್ಟು ಹಿಡಿಯಿತು. ಮಕ್ಕಳು 31. ಮೊದಲ ಪ್ರಬಂಧದಲ್ಲಿ 22 ಮಂದಿ ಗೈಡಿನ ಸಾಲುಗಳನ್ನೇ ಇಳಿಸಿದ್ದರು. ಸ್ವಂತ ಬರೆದವರ ಪುಟಗಳನ್ನು ನಾನು ಕೆಂಪು ಮಾಡಿದೆ. ವಾರ ಕಳೆದಂತೆ ಅವರ ಸಾಲುಗಳೂ ಕಡಿಮೆಯಾದವು. ಲೆಕ್ಕ ಇಟ್ಟಿದ್ದೇನೆ: ಒಬ್ಬೊಬ್ಬರದು ಒಂಬತ್ತು ಸಾಲು, ಆಮೇಲೆ ಆರು, ನಾಲ್ಕು. ಅಂಗಳದಲ್ಲಿ ಬಾಯಿ ಮುಚ್ಚದ ನಾಗವೇಣಿಯದು ಮೊದಲಿನಿಂದಲೂ ಸೊನ್ನೆ.

"ಬರೆಯೂದು ಎಂತಕ್ಕೆ ಅಕ್ಕೋರೆ? ನಿಮಗೆ ಎಲ್ಲ ಗೊತ್ತಿದ್ದದ್ದೇ ಅಲ್ದ?" ಎಂದಳು. ಇಲ್ಲಿ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ.

ಅವಳಿಂದ ಒಂದು ಸಾಲೂ ಬರೆಸಲಾಗದಿದ್ದರೆ ನಾನಿಲ್ಲಿ ಇದ್ದು ಏನು ಎಂದು ವರ್ಗಾವಣೆ ಅರ್ಜಿಯನ್ನು ಅರ್ಧ ಬರೆದಿಟ್ಟಿದ್ದೆ. ಆದರೆ ಅವಳ ಆ ಮಾತು ನನ್ನನ್ನು ಬಿಡಲಿಲ್ಲ. ನನಗೆ ನಿಜವಾಗಿ ಗೊತ್ತಿಲ್ಲದ್ದನ್ನೇ ಕೇಳಿದೆ: ನಿಮ್ಮ ಮನೆಗೆ ದಾರಿ ಬರೆದುಕೊಡು, ಅದನ್ನಷ್ಟೇ ಓದಿಕೊಂಡು ಬರುತ್ತೇನೆ. ಶುಕ್ರವಾರ ಐದು ಸಾಲು ಕೊಟ್ಟಳು. ನಾನು ಕೆಂಪು ಪೆನ್ನು ಮುಟ್ಟಲಿಲ್ಲ.

"ಬಸ್ಸಿಂದ ಇಳಿದು ಸೀದಾ ಬನ್ನಿ. ಕವಚಿ ಹಾಕಿದ ದೋಣಿ ಇದ್ದಲ್ಲಿ ಎಡಕ್ಕೆ."

ದೋಣಿ ಇರಲೇ ಇಲ್ಲ. ನಡೆದು ನಡೆದು ಹೊಳೆಯ ದಡ ಮುಟ್ಟಿದೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದವರು ಅವಳ ತಾಯಿಯೇ.

"ಎಂತ ಅಕ್ಕೋರೆ, ಈ ಬದಿಗೆ ಬಂದ್ರಿ?"

ಮನೆಗೆ ಕರೆದೊಯ್ದರು. ಚೀಟಿ ನೋಡಿ ನಾಗವೇಣಿ ನಾಲಿಗೆ ಕಚ್ಚಿಕೊಂಡಳು. "ದೋಣಿ ನಿನ್ನೆ ನೀರಿಗೆ ಇಳಿಸಿದ್ರು. ನಂಗೆ ನೆನಪೇ ಆಗ್ಲಿಲ್ಲ."

"ದೋಣಿ ಗುರ್ತು ಹೇಳೂಕೆ ಹೋದ್ಯಾ? ನಾಳೆ ಕಾಕೆ ಕೂತ ಜಾಗ ಹೇಳು," ಎಂದರು ತಾಯಿ. ಕಾಕೆ ಎಂದರೆ ಕಾಗೆ.

ನಾನು ಹೇಳದೆಯೇ ಅವಳು ಜಗಲಿಯಲ್ಲಿ ಕೂತು ಮತ್ತೆ ಬರೆದಳು. ಹದಿನಾಲ್ಕು ಸಾಲು. ಗೋಡೆ ಒಡೆದ ಬಾವಿ ಬಂತು, ಎಡಕ್ಕೆ ತಿರುಗಿದ ಮೇಲೆ ಎಷ್ಟು ದೂರ ಎಂಬುದು ಬಂತು. ಕೊನೆಗೆ, "ನಾಯಿ ಬೊಗಳ್ತದೆ, ಕಚ್ಚೂದಿಲ್ಲ." ಆಮೇಲೆ ಪೆನ್ನು ನನ್ನ ಕೈಗಿಟ್ಟಳು.

"ಈಗ ನಿಮ್ಮೂರ ದಾರಿ ಬರ್ದುಕೊಡಿ ಅಕ್ಕೋರೆ."

ಮೂರನೇ ಸಾಲಿಗೆ ನಿಂತೆ: ಊರ ಅಗಸಿ ಬಾಗಿಲ ಬೇವಿನ ಮರದ ಹತ್ತಿರ ಬಲಕ್ಕೆ. ಅಲ್ಲಿ ರಸ್ತೆ ಅಗಲ ಮಾಡುತ್ತಾರೆಂದು ಅವ್ವ ಫೋನಿನಲ್ಲಿ ಹೇಳಿ ತಿಂಗಳಾಯಿತು.

ನಾನು ಬರೆಯುತ್ತಿದ್ದ ಆ ಚೀಟಿ ಈಗ ಅರ್ಧ ಅರ್ಜಿಯ ಪಕ್ಕದಲ್ಲಿದೆ. ಎರಡೂ ಮುಗಿದಿಲ್ಲ. ಇನ್ನೂ ಮೂವತ್ತು ಮನೆಗೆ ನಡೆಯಲು ನನ್ನ ಕಾಲಿಗೆ ಶಕ್ತಿಯಿಲ್ಲ. ಮಕ್ಕಳಿಂದ ಬರೆಸುವ ಬೇರೆ ಉಪಾಯ ಬಲ್ಲ ಶಿಕ್ಷಕರಿದ್ದರೆ ಬರೆಯಿರಿ. ನಮ್ಮೂರಿನವರು ಯಾರಾದರೂ ಇದನ್ನು ಓದಿದರೆ, ಆ ಬೇವಿನ ಮರ ಇದೆಯೋ ಇಲ್ಲವೋ, ಅಷ್ಟು ತಿಳಿಸಿ. ಹುಡುಗಿ ನಾಳೆ ಕೇಳುತ್ತಾಳೆ.