ಎಷ್ಟು ದನ ಎಂದು ಕೇಳಬಾರದು

ನೆಬ್ರಾಸ್ಕಾದ ಮರಳುಗುಡ್ಡಗಳ ಸೀಮೆಯಲ್ಲಿ ಯಾರನ್ನು ಏನು ಬೇಕಾದರೂ ಕೇಳಬಹುದು, ಎಷ್ಟು ದನ ಸಾಕಿದ್ದೀರಿ ಎಂದು ಮಾತ್ರ ಕೇಳಬಾರದು. ಕೇಳಿದರೆ ಪರರ ಪಾಸ್‌ಬುಕ್ಕಿಗೆ ಕೈಹಾಕಿದ ಹಾಗೆ. ಈ ಮರ್ಯಾದೆಯ ಮರೆಯಲ್ಲಿಯೇ ಆರ್ಡಿಸ್ ಕೋಲ್ಟರ್‌ಮನ್ ಆರು ವರ್ಷ ತಲೆಯೆತ್ತಿಕೊಂಡು ಓಡಾಡಿದಳು.

ಗಂಡ ವೆಂಡೆಲ್ ಇದ್ದಾಗ ಮಾಂಸದ ದನಗಳ ಹಿಂಡು ಇನ್ನೂರು ದಾಟಿತ್ತು. ಅವನು ತೀರಿಕೊಂಡ ಮೇಲೆ, ಅವರು ಗುತ್ತಿಗೆಗೆ ಹಿಡಿದಿದ್ದ ಹುಲ್ಲುಗಾವಲನ್ನು ರಸ್ತೆಯಾಚೆಯ ದನ ಸಾಕುವ ಕಂಪನಿ ತುಂಡುತುಂಡಾಗಿ ಹಿಡಿದುಕೊಂಡಿತು. ಹುಲ್ಲು ಹೋದಷ್ಟೂ ಹಸುಗಳು ಲಾರಿ ಹತ್ತಿದವು. ಆ ಕಣಿವೆಯಲ್ಲಿ ಒಂದು ಕಾಲಕ್ಕೆ ಹದಿನಾಲ್ಕು ಮನೆಯವರು ದನ ಸಾಕುತ್ತಿದ್ದರು. ಈಗ ಐದೇ ಮನೆ. ಕಂಪನಿಯದೊಂದೇ ಎಂಟು ಸಾವಿರ ದನ. ಇದನ್ನು ಪ್ರಗತಿ ಅನ್ನುವವರಿದ್ದಾರೆ, ಅಂದುಕೊಳ್ಳಲಿ.

ಕಂಪನಿಗೆ ಕೂಲಿಯವರಿದ್ದಾರೆ. ಐದು ಮನೆಯವರದು ಮಾತ್ರ ಹಳೆಯ ಕ್ರಮ. ಮೇ ತಿಂಗಳಲ್ಲಿ ಒಬ್ಬರ ದೊಡ್ಡಿಗೆ ಉಳಿದವರೆಲ್ಲ ಹೋಗಿ, ಕರುಗಳನ್ನು ಹಗ್ಗ ಬೀಸಿ ಹಿಡಿದು, ಕಾಯಿಸಿದ ಕಬ್ಬಿಣದಿಂದ ಗುರುತಿನ ಬರೆ ಹಾಕಿಕೊಡುತ್ತಾರೆ. ಕೂಲಿಯಿಲ್ಲ, ಊಟವುಂಟು. ನಲವತ್ತು ವರ್ಷ ಎಲ್ಲರ ಕರುಗಳಿಗೂ ಲಸಿಕೆ ಚುಚ್ಚಿದ್ದು ಆರ್ಡಿಸ್‌ಳ ಕೈ. ವರ್ಷವಿಡೀ ಒಂಟಿಯಾಗಿದ್ದವಳಿಗೆ ಆ ಒಂದು ತಿಂಗಳೇ ಜೀವ.

ಹಿಂದಿನ ಎರಡು ವರ್ಷ ಮಂಡಿನೋವು, ಊಟಕ್ಕೆ ಬೇಯಿಸಲಾರೆ ಎಂಬ ನೆಪ ಹೇಳಿ ಯಾರನ್ನೂ ಕರೆಯದೆ, ತನ್ನ ಕರುಗಳ ಕೆಲಸವನ್ನು ಸದ್ದಿಲ್ಲದೆ ತಾನೇ ಮುಗಿಸಿದ್ದಳು. ಈ ಸಲ ನೆರೆಯ ವರ್ಲಿನ್ ಸ್ಟ್ರೌಡ್, ಶಾಲೆಯಿಂದಲೂ ಜೊತೆಗಿದ್ದವನು, ಶನಿವಾರ ನಿನ್ನ ಸರದಿ ಎಂದು ಹೇಳಿಯೇಬಿಟ್ಟ. ಅವಳು ಹೂಂ ಎಂದಳು. ಅವಳ ದೊಡ್ಡಿಯಲ್ಲಿದ್ದದ್ದು ಹನ್ನೊಂದು ಕರು. ಅದನ್ನು ನೋಡಿದವರು ಪಾಪ ಎಂದುಕೊಂಡು ಮುಂದೆ ತಮ್ಮ ದೊಡ್ಡಿಗಳಿಗೆ ತನ್ನನ್ನು ಕರೆಯದೆ ಹೋದರೆ ಎಂಬ ಭಯದಲ್ಲಿ ಅವಳು ಮೂವತ್ತು ಜನಕ್ಕಾಗುವಷ್ಟು ಮಾಂಸ ಬೇಯಿಸಿದಳು.

ಶನಿವಾರ ಹತ್ತು ಮಂದಿ ಕುದುರೆ ಸಮೇತ ಬಂದರು. ಗೇಟು ತೆರೆದಾಗ ಹನ್ನೊಂದೂ ಕರುಗಳು ಒಂದು ಮೂಲೆಯಲ್ಲಿ ಮುದುಡಿ ನಿಂತಿದ್ದವು.

ವರ್ಲಿನ್ ಹಗ್ಗ ಬೀಸಿದ. ಗುರಿ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಮೂರನೆಯದಕ್ಕೆ ಕರು ಸಿಕ್ಕಿತು, ಆದರೆ ಅಷ್ಟರಲ್ಲಿ ಕಬ್ಬಿಣ ಆರಿದೆ ಎಂದು ಇನ್ನೊಬ್ಬ ಮತ್ತೆ ಬೆಂಕಿಗಿಟ್ಟ. ಮತ್ತೊಬ್ಬ ಕುದುರೆಯಿಂದಿಳಿದು ಲಾಳ ಪರೀಕ್ಷಿಸುತ್ತಾ ಕೂತ. ಜೀವಮಾನದಲ್ಲಿ ಗುರಿ ತಪ್ಪದ ಗಂಡಸರೆಲ್ಲ ಅಂದು ಗಾಳಿಗೆ ಹಗ್ಗ ಬೀಸಿದರು. ನಾಲ್ಕನೆಯ ಕರುವಿನ ಹೊತ್ತಿಗೆ ಆರ್ಡಿಸ್‌ಗೆ ಅರ್ಥವಾಯಿತು. ಮೊದಲು ಸಿಟ್ಟು ಬಂತು, ಆಮೇಲೆ ಕಣ್ಣು ತುಂಬಿತು. ಅರ್ಧ ಗಂಟೆಯ ಕೆಲಸ ಊಟದ ಹೊತ್ತಿನವರೆಗೆ ನಡೆಯಿತು.

ಊಟವಾದ ಮೇಲೆ ವರ್ಲಿನ್ ತಟ್ಟೆ ಹಿಡಿದುಕೊಂಡು ಅಡುಗೆಮನೆಗೆ ಬಂದ. ಅದನ್ನು ನಲ್ಲಿಯ ಕೆಳಗಿಟ್ಟ.

"ಈ ಸಲ ನಂದು ಇಪ್ಪತ್ತಾರು ಕಣೇ," ಎಂದ.

ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. ಅವಳ ಅರವತ್ತೇಳು ವರ್ಷದ ಬಾಳಿನಲ್ಲಿ ಯಾವ ನೆರೆಯವನೂ ಅವಳಿಗೆ ತನ್ನ ಲೆಕ್ಕ ಬಾಯಿಬಿಟ್ಟು ಹೇಳಿರಲಿಲ್ಲ.

"ಗುರುವಾರ ಬರೆ ಹಾಕೋದು. ಸೂಜಿ ನೀನೇ ಹಿಡೀಬೇಕು. ಬೆಳಿಗ್ಗೆ ಆರಕ್ಕೆಲ್ಲ ಬಂದ್ಬಿಡು."

"ಇಪ್ಪತ್ತಾರು ಕರೂಗೆ ಆರು ಗಂಟೆಗ್ಯಾಕೋ ಬರ್ಲಿ?"

"ಊಟದ ಹೊತ್ತಿನ ತನಕ ಎಳೀಬೇಕಲ್ವಾ," ಎಂದ ವರ್ಲಿನ್.