ಕಡಲು ತೆಗೆಯದ ಹೊಯ್ಗೆ

ಗಿರಿಜಕ್ಕ, ನಿನ್ನ ಮನೆ ಎದುರಿನ ಹೊಯ್ಗೆ ದಿಬ್ಬವನ್ನು ಕಡಲು ತೆಗೆದದ್ದಲ್ಲ. ನಾನು ತೆಗೆಸಿದ್ದು.

ಹೇಳಿಬಿಟ್ಟೆ. ಸುತ್ತಿ ಬಳಸಿ ಮಾತಾಡುವ ಜಾತಿಯವಳಲ್ಲ ನಾನು. ಮೀನುಪೇಟೆಯಲ್ಲಿ ನನ್ನ ಬಾಯಿಗೆ ಎದುರಾಡಿ ಗೆದ್ದವರಿಲ್ಲ ಎಂದು ನೀನೇ ನಗುತ್ತಿದ್ದೆ. ನಿನ್ನೆಯ ಬಂಗುಡೆಯನ್ನು ಇವತ್ತಿನದ್ದು ಎಂದು ಯಾರಿಗೂ ಮಾರಲಿಲ್ಲ — ಅಷ್ಟು ಸೊಕ್ಕು ನನಗೆ, ನನ್ನ ನಿಯತ್ತಿನ ಮೇಲೆ. ಆದರೆ ಪಕ್ಕದ ಮನೆಯ ನಿನಗೆ ಈ ಒಂದು ಸುಳ್ಳನ್ನು ಇಷ್ಟು ವರ್ಷ ಮಾರಿಕೊಂಡು ಬಂದೆ.

ಕಡಲು ಹೊಯ್ಗೆ ತೆಗೆಯುವುದು ನಮಗೆ ಹೊಸತಲ್ಲ. ಮಳೆಗಾಲದ ದೊಡ್ಡ ತೆರೆಗಳು ದಡದ ಮರಳನ್ನು ಕೊರೆದು, ಎಳೆದುಕೊಂಡು ಹೋಗಿ, ಸ್ವಲ್ಪ ಆಚೆ ನೀರಿನಡಿಯಲ್ಲಿ ರಾಶಿ ಹಾಕುತ್ತವೆ. ದೀಪಾವಳಿ ಕಳೆದ ಮೇಲೆ ಸಣ್ಣ ತೆರೆಗಳು ಅದನ್ನೇ ತಿರುಗಿ ತಂದು ದಡಕ್ಕೆ ಹಾಕುತ್ತವೆ. ಬೇಸಿಗೆಯ ಗಾಳಿ ಒಣ ಹೊಯ್ಗೆಯನ್ನು ಹಾರಿಸಿ ತರುತ್ತದೆ. ನೇರಳೆ ಹೂವಿನ ಆ ಬಳ್ಳಿ ಅದನ್ನು ಹಿಡಿದು ಕೂರಿಸುತ್ತದೆ. ಅಜ್ಜಿಯರ ಕಾಲದಿಂದ ಹಾಗೆ ಬೆಳೆದ ದಿಬ್ಬ — ನಿನ್ನ ಅಂಗಳದ ಎದುರಿನಿಂದ ನನ್ನ ಅಂಗಳದ ಎದುರಿನವರೆಗೂ ಒಂದೇ ಸಾಲು. ತೆರೆ ಬಂದು ಬಡಿದು, ಬುಡದಲ್ಲಿ ಒಂದಿಷ್ಟು ಕೊರೆದು, ಅಲ್ಲಿಂದಲೇ ವಾಪಸ್ ಹೋಗುತ್ತಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎನ್ನಲು ನನಗೆ ಬಾಯಿಲ್ಲ.

ಆ ಬೇಸಿಗೆ ನೀನು ಮಗಳನ್ನೂ ಕೈಕೂಸನ್ನೂ ಬೊಂಬಾಯಿಗೆ ಬಿಡಲು ಹೋದೆ. ಬೀಗದ ಕೈಯನ್ನು ನನಗೆ ಕೊಟ್ಟು, "ಮನಿ ಬದಿ ಕಾಣ್ತಾ ಇರ್ ಮಾರಾಯ್ತಿ" ಎಂದೆ. ನಾನು ಹೊಸ ಮನೆಗೆ ಅಡಿಪಾಯದ ಪಂಚಾಂಗ ಕಟ್ಟಿಸಿದ್ದೆ — ಸುತ್ತ ಕೆಂಪು ಕಲ್ಲು, ನಡುವೆ ಹೊಂಡ. ತುಂಬಿಸಲು ಹೊಳೆಯ ಹೊಯ್ಗೆ ಸಿಗುತ್ತಿರಲಿಲ್ಲ, ಮಳೆ ಬೇರೆ ತಲೆಯ ಮೇಲೆ. ಜೆಸಿಬಿ ತರಿಸಿದೆ. ಅವನು ಬಂದವನೇ ನನ್ನ ಮನೆ ಎದುರಿನ ದಿಬ್ಬಕ್ಕೆ ಕೈ ಹಾಕಿದ.

"ಹ್ವಾಯ್, ಅದ್ ಮುಟ್ಬೇಡಿ! ಆಚಿ ಬದಿದ್ ತೆಗೀರಿ!"

ಹಾಗೆ ಕೂಗಿದವಳು ನಾನೇ ಅಕ್ಕ. ಯಾವ ದಿಬ್ಬ ಯಾರ ಮನೆ ಕಾಯುತ್ತದೆ ಎಂದು ಲೆಕ್ಕ ಹಾಕಿಯೇ ಕೂಗಿದ್ದು. ಸಂಜೆಯೊಳಗೆ ನಿನ್ನ ದಿಬ್ಬ ನನ್ನ ಪಂಚಾಂಗದೊಳಗಿತ್ತು, ಬಳ್ಳಿಯ ಸಮೇತ. ಕಂಡವರು ಇಲ್ಲವೆಂದಲ್ಲ. ಆದರೆ ನಮ್ಮ ದಡದಲ್ಲಿ ಯಾರ ಮನೆಯಡಿ ಕೆರೆದರೂ ಒಂದಿಷ್ಟು ಕಡಲ ಹೊಯ್ಗೆ ಸಿಗುತ್ತದೆ. ಯಾರು ಯಾರನ್ನು ಕೇಳುವುದು?

ಆಸಾಡಿ ತಿಂಗಳ ಮಳೆಯಲ್ಲಿ ಕಡಲು ಆ ತೆರವಿನಿಂದಲೇ ಒಳಗೆ ಬಂತು. ಮೊದಲು ತೆಂಗಿನ ಮರಗಳು ಮಲಗಿದವು. ಬಾವಿಯ ನೀರು ಉಪ್ಪಾಯಿತು. ಆಮೇಲೆ ಅಡಿಗೆ ಕೋಣೆ... ನನ್ನ ಹಳೆ ಮನೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ. ನಿಂತು ನೋಡಿದೆ, ಅಷ್ಟೇ.

ನೀನು ಬಂದೆ. ಕೊಡೆ ಹಿಡಿದು ಅಂಗಳವಿದ್ದ ಜಾಗದಲ್ಲಿ ನಿಂತೆ. ಅಳಲಿಲ್ಲ. ತಿರುಗಿ ನನ್ನ ಮನೆ ಎದುರಿನ ದಿಬ್ಬವನ್ನು ನೋಡಿದೆ.

"ನಿನ್ನ ಮನಿ ಎದ್ರಿಂದ್ ಹಾಂಗೇ ಇತ್ತಲೆ?"

ಉತ್ತರ ಬೇಕಿತ್ತು ನನಗೆ, ಆ ಕ್ಷಣಕ್ಕೆ. ಹಾಳಾದ ನಾಲಿಗೆ, ಯಾವತ್ತೂ ಸೋಲದ ನಾಲಿಗೆ — "ಕಡ್ಲ್ ತಕಂಡ್ ಹೋಯ್ತ್ ಅಕ್ಕ. ಹ್ವಾದ್ ವರ್ಷ ನೂಲ ಹುಣ್ಮಿಗೆ ನೀನ್ ಹಾಲ್ ಹೊಯ್ಲಿಲ್ಲ ಅಲ್ದಾ?"

ಹಿಂದಿನ ವರ್ಷದ ಆ ಹುಣ್ಣಿಮೆಗೆ, ದೋಣಿ ಇಳಿಸುವ ಮೊದಲು ಊರೆಲ್ಲ ಕಡಲಿಗೆ ಹಾಲು ಹೊಯ್ಯುವಾಗ, ನಿನ್ನ ಮನೆಯಲ್ಲಿ ಅಮೆ. ಮಗಳಿಗೆ ಹೆರಿಗೆಯಾದ ಮೈಲಿಗೆ ಎಂದು ನೀನು ದಡಕ್ಕೇ ಇಳಿದಿರಲಿಲ್ಲ. ನನ್ನ ಮಾತು ಕೇಳಿ ನಿನ್ನ ಮುಖ ಇಳಿದು ಹೋಯಿತು. "ಹೌದಲೆ..." ಎಂದೆ. ನಂಬಿಬಿಟ್ಟೆ.

ದಿಬ್ಬ ತೆಗೆಸಿದ್ದು ಒಂದು ತಪ್ಪು. ಇದು ಅದಕ್ಕಿಂತ ದೊಡ್ಡದು. ಅಂದಿನಿಂದ ಪ್ರತಿ ನೂಲ ಹುಣ್ಣಿಮೆಗೂ ನೀನು ಕಡಲಿಗೆ ತಪ್ಪು ಕಾಣಿಕೆ ಇಡುತ್ತೀಯ. ಮೊಣಕಾಲುದ್ದ ನೀರಿಗಿಳಿದು "ತಪ್ಪಾಯ್ತ್ ತಾಯಿ" ಎನ್ನುತ್ತೀಯ. ಪಕ್ಕದಲ್ಲಿ ಹಾಲಿನ ಚೊಂಬು ಹಿಡಿದು ನಿಲ್ಲುವವಳು ನಾನು! ಆಮೇಲೆ ನನ್ನ ಚಾವಡಿಗೆ ಬಂದು, ನಿನ್ನದೇ ಹೊಯ್ಗೆಯ ಮೇಲೆ ಕೂತು, ನನ್ನ ಕೈಯ ಚಾ ಕುಡಿದು, ರಸ್ತೆ ಬದಿಯ ನಿನ್ನ ಎರಡು ಕೋಣೆಗೆ ಹೋಗುತ್ತೀಯ.

ತೆಂಕು ಬದಿಯಲ್ಲಿ ಕಡಲಿಗೆ ಕಲ್ಲು ಹಾಕಿದ್ದರಿಂದ ಅಲ್ಲಿ ಹೊಯ್ಗೆ ತುಂಬಿ ಇಲ್ಲಿ ಕೊರೆಯುತ್ತದೆ ಎನ್ನುತ್ತಾರೆ. ಇರಬಹುದು. ಆ ಕಲ್ಲಿನ ಹಿಂದೆ ನಾನು ಅಡಗುವುದಿಲ್ಲ. ಕಡಲನ್ನೂ ಬೈಯುವುದಿಲ್ಲ. ಅದು ತಕೊಂಡದ್ದನ್ನು ದೀಪಾವಳಿಗೆ ತಿರುಗಿ ಕೊಡುತ್ತದೆ. ನಾನು ತಕೊಂಡದ್ದು ಟೈಲ್ಸಿನಡಿ ಹಾಗೆಯೇ ಇದೆ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಎನ್ನುತ್ತೀಯಾ? ಮೊನ್ನೆ ರಜೆಗೆ ಬಂದ ನಿನ್ನ ಮೊಮ್ಮಗಳು ಧನ್ಯ — ಅವತ್ತಿನ ಆ ಕೈಕೂಸು — ನನ್ನ ಬಾಗಿಲಲ್ಲಿ ಕೂತು ಕೇಳಿತು: "ಅಜ್ಜೀ, ನಾ ಹುಟ್ಟಿದ್ದಕ್ಕೆ ಅಮ್ಮಮ್ಮನ್ ಮನಿ ಹೋದ್ದಾ?" ಅಮೆಯ ಕತೆಯನ್ನು ನೀನು ಯಾರಿಗೋ ಹೇಳುವಾಗ ಕೇಳಿಸಿಕೊಂಡಿತ್ತಂತೆ.

ಮಗುವಿನ ಕೈಗೊಂದು ಬಾಳೆಹಣ್ಣು ಕೊಟ್ಟು ಕಳಿಸಿದೆ ಅಕ್ಕ. ಥೂ, ನನ್ನ ಜನ್ಮಕ್ಕಿಷ್ಟು.

ಕ್ಷಮಿಸು ಎಂದು ಕೇಳಲು ಇದನ್ನು ಬರೆದದ್ದಲ್ಲ. ಕ್ಷಮಿಸುವುದು ಬಿಡುವುದು ನಿನಗೆ ಬಿಟ್ಟದ್ದು. ನಾಳೆಯಿಂದ ನನ್ನ ಹೊಸಿಲು ತುಳಿಯದಿದ್ದರೂ ಸರಿ. ನಾಳೆ ನೂಲ ಹುಣ್ಣಿಮೆ. ಹಾಲು ಬೇಕಿದ್ದರೆ ಹೊಯ್ಯಿ, ಖುಷಿಯಿಂದ ಹೊಯ್ಯಿ. ತಪ್ಪು ಕಾಣಿಕೆ ಮಾತ್ರ ಇಡಬೇಡ. ಅದನ್ನು ನಾನಿಡುತ್ತೇನೆ, ಊರವರೆಲ್ಲ ನಿಂತಿರುವಾಗ, ಯಾಕೆಂದು ದೊಡ್ಡದಾಗಿ ಹೇಳಿ. ಪೇಟೆಯಲ್ಲಿ ಬೊಬ್ಬೆ ಹೊಡೆಯುವ ಈ ಗಂಟಲು ಅಷ್ಟಕ್ಕಾದರೂ ಬರಲಿ.

ಧನ್ಯಳನ್ನು ಕರೆದುಕೊಂಡು ಬಾ. ಕಡಲಿಗಿಂತ ಮೊದಲು ಅವಳಿಗೆ ಹೇಳಬೇಕು: ನಿನ್ನ ಅಮ್ಮಮ್ಮನ್ ಮನಿ ಹೋದ್ದ್ ನೀ ಹುಟ್ಟಿದ್ದಕ್ಕಲ್ಲ ಮಗಾ, ನಾ ಮನಿ ಕಟ್ಟಿದ್ದಕ್ಕೆ.